ಹಿತ್ತಲ ಹುಣಸೆ ಮತ್ತು ಹೆಜ್ಜಾರ್ಲೆಯ ಬಾಣಂತನ

ಚೆನ್ನೈಯಲ್ಲಿ ನೆಲೆಸಿರುವ ನಮ್ಮಲ್ಲಿ ವೇಡಂತಾಂಗಲ್ ಪಕ್ಷಿಧಾಮದ ಹೆಸರು ಕೇಳದವರು ವಿರಳ. ಬೇಡರ ತಂಗುದಾಣ ಎಂಬುದು ಆ ಹೆಸರಿನ ಅರ್ಥ. ಆದರೆ ಆ ಊರು ಚರಿತ್ರೆಯಲ್ಲಿ ಹೆಸರಾದುದು ಬೇಟೆಯನ್ನು ತಡೆದುದಕ್ಕೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಆಂಗ್ಲ ಸೈನಿಕರು ಅಲ್ಲಿಯ ಕೆರೆಯ ಹಕ್ಕಿಗಳಿಗೆ ಗುಂಡು ಹಾರಿಸಿದಾಗ, ಊರಿನವರು ಚೆಂಗಲ್ಪಟ್ಟಿನ ಕಲೆಕ್ಟರ್ ಲಯೊನೆಲ್ ಪ್ಲೇಸ್‌ಗೆ ದೂರಿತ್ತು, ಹಕ್ಕಿಗಳನ್ನು ಕಾಯುವ ಹಕ್ಕನ್ನು ಮನ್ನಿಸುವ ಕೌಲು ಪಡೆದರು. ಹಕ್ಕಿಯ ಹಿಕ್ಕೆ ಬೆರೆತ ಕೆರೆಯ ನೀರೇ ಅವರ ಗದ್ದೆಗೆ ಗೊಬ್ಬರವಾಗಿತ್ತು.

ಇದು ಊರ ಕೆರೆಯ ಮಾತಾಯಿತು. ಹಕ್ಕಿ ಗೂಡು ಕಟ್ಟಿದ್ದು ಒಬ್ಬನ ಸ್ವಂತ ಮರದಲ್ಲಾದರೆ? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು ಕನ್ನಡನಾಡಿಗೇ ಹೋಗಬೇಕು.

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಯ ಬಳಿ ಕೊಕ್ಕರೆಬೆಳ್ಳೂರು ಇದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಅಲ್ಲಿ ಮನೆಗಳ ನಡುವಿನ ಹುಣಸೆ, ಅರಳಿ, ಆಲದ ಮರಗಳಲ್ಲೇ ಮರಿಮಾಡುತ್ತವೆ. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದೇ ಊರಿನವರು ಅವನ್ನು ಭಾವಿಸುತ್ತಾರೆ. ಮರದಡಿ ಬಿದ್ದ ಹಿಕ್ಕೆಯನ್ನು ಹೊಲಕ್ಕೆ ಹಾಕುತ್ತಾರೆ.

ಆದರೆ ಮಮತೆಗೂ ಖರ್ಚುಂಟು. ಗೂಡಿನಲ್ಲಿ ಮರಿಗಳಿರುವ ಕಾಲ, ಹುಣಸೆ ಹಣ್ಣು ಬಡಿಯುವ ಕಾಲ, ಎರಡೂ ಒಂದೇ. ಕೊಂಬೆ ಬಡಿದರೆ ಮರಿ ಉದುರುತ್ತದೆ. ಬಡಿಯದಿದ್ದರೆ ವರ್ಷದ ಆದಾಯ ಹೋಗುತ್ತದೆ. ಹಕ್ಕಿಯ ಅಂದ ನೋಡುವವರು ನಾವೆಲ್ಲರೂ; ನಷ್ಟ ಹೊರುವವನು ಮಾತ್ರ ಮರದ ಯಜಮಾನ.

1976ರಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಬಳಿಕ ಕರ್ನಾಟಕ ಅರಣ್ಯ ಇಲಾಖೆ, ಫಸಲು ಬಿಟ್ಟುಕೊಟ್ಟ ಮರದ ಒಡೆಯರಿಗೆ ಪರಿಹಾರ ಕೊಡುವ ಪದ್ಧತಿ ತಂದಿತು. ಮರವನ್ನು ಸರ್ಕಾರ ಕಿತ್ತುಕೊಳ್ಳಲಿಲ್ಲ. ಮಾಲೀಕನನ್ನೇ ಕಾವಲುಗಾರನನ್ನಾಗಿ ಒಪ್ಪಿಕೊಂಡಿತು. ಈ ಯೋಜನೆಯ ಹಿರಿಮೆ ಇರುವುದು ಇಲ್ಲಿಯೇ.

ಕಾನೂನು ಇದೇ ಹಾದಿಗೆ ಬಂದುದು ತಡವಾಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿ 'ಸಮುದಾಯ ಮೀಸಲು' ಎಂಬ ಹೊಸ ವರ್ಗವನ್ನು ತಂದಿತು. ಸಮುದಾಯವಾಗಲಿ ವ್ಯಕ್ತಿಯಾಗಲಿ ತಾವಾಗಿ ಮುಂದೆ ಬಂದರೆ, ಖಾಸಗಿ ಅಥವಾ ಸಮುದಾಯದ ನೆಲವನ್ನು ಹೀಗೆ ಘೋಷಿಸಬಹುದು. ಒಡೆತನ ಉಳಿಯುತ್ತದೆ, ಆದರೆ ನೆಲದ ಬಳಕೆಯನ್ನು ಬದಲಿಸಲು ನಿರ್ವಹಣಾ ಸಮಿತಿಯ ನಿರ್ಣಯವೂ ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕು. 2007ರಲ್ಲಿ ಕೊಕ್ಕರೆಬೆಳ್ಳೂರು ಸಮುದಾಯ ಮೀಸಲಾಯಿತು.

ಕಥೆ ಇಲ್ಲಿಗೇ ಸುಖಾಂತವಾಗಲಿಲ್ಲ. ಪರಿಹಾರ ಸಾಲದು, ಸಕಾಲಕ್ಕೆ ಕೈಸೇರದು ಎಂಬ ದೂರು ಊರಿನಲ್ಲಿ ಹಳೆಯದು. ಹಲವು ಮರಗಳು ಕೊಡಲಿಗೂ ಬಿದ್ದವು. ಹಣ್ಣಿನ ಬೆಲೆ ಏರುವಾಗ ಪರಿಹಾರ ನಿಂತಲ್ಲೇ ನಿಂತರೆ, ಬಡ ರೈತನ ಮನಸ್ಸು ಎತ್ತ ವಾಲೀತೆಂದು ಕೇಳಬೇಕಿಲ್ಲ. ಅಂದು ವೇಡಂತಾಂಗಲಿನವರಿಗೆ ಕೌಲಿನ ಕಾಗದವೇ ಸಾಕಾಗಿತ್ತು, ಏಕೆಂದರೆ ಹಕ್ಕಿ ಉಳಿದರೆ ಅವರ ಗದ್ದೆಯೇ ಬೆಳೆಯುತ್ತಿತ್ತು. ಹುಣಸೆಯ ಒಡೆಯನಿಗೆ ಹಿಕ್ಕೆಯ ಗೊಬ್ಬರವೊಂದೇ ಸಾಲದು.

ಪರವೂರಿನಲ್ಲಿರುವ ನಮ್ಮಲ್ಲಿ ಅನೇಕರಿಗೆ ಊರಿನಲ್ಲಿ ಇಂದಿಗೂ ತೋಟದ ಪಾಲುಂಟು, ಹಿತ್ತಲ ಮರದ ಹಕ್ಕುಂಟು. ಮರ ಮಾರುವ ಮಾತು ಬಂದಾಗ ಸೌದೆಯ ಬೆಲೆಯನ್ನಷ್ಟೇ ಕೇಳಿ ರುಜು ಹಾಕುವ ಮೊದಲು, ಆ ಕೊಂಬೆಗಳಲ್ಲಿ ಯಾರ ಸಂಸಾರವಿದೆ ಎಂದೂ ಒಮ್ಮೆ ವಿಚಾರಿಸೋಣ.