ಅಶ್ಮರಿಯ ಕಥೆ

ತಲೆನೋವು ಬಂದರೆ ನಾವು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತೇವೆ. ಕೆಮ್ಮು ನೆಗಡಿಗಳನ್ನಂತೂ ಹೇಳಬೇಕಾಗಿಯೇ ಇಲ್ಲ. ಅವು ತಮ್ಮನ್ನು ತಾವೇ ಸಾರಿಕೊಳ್ಳುತ್ತವೆ. ಆದರೆ ಮೂತ್ರಕ್ಕೆ ಸಂಬಂಧಿಸಿದ ಬೇನೆ ಬಂದಾಗ ಗಂಡಸಾಗಲಿ ಹೆಂಗಸಾಗಲಿ ಸುಲಭವಾಗಿ ಬಾಯಿಬಿಡುವುದಿಲ್ಲ. ಹೇಳಿಕೊಳ್ಳಲು ಸಂಕೋಚ, ಸಹಿಸಿಕೊಳ್ಳಲು ಸಂಕಟ. ಈ ಪತ್ರಿಕೆಯನ್ನು ಮನೆಮಂದಿಯೆಲ್ಲ ಓದುತ್ತಾರೆಂಬುದನ್ನು ನಾನು ಬಲ್ಲೆ. ಬಲ್ಲೆನಾದ್ದರಿಂದಲೇ ಈ ಸಂಕೋಚದ ವಿಷಯವನ್ನು ಇಂದು ಎತ್ತಿಕೊಂಡಿದ್ದೇನೆ, ವಾಚಕರು ಕ್ಷಮಿಸಬೇಕು.

ನಮ್ಮ ಆಯುರ್ವೇದದಲ್ಲಿ ಮೂತ್ರಾಶಯಕ್ಕೆ ‘ಬಸ್ತಿ’ ಎಂದು ಹೆಸರು. ಎನಿಮಾ ಕೊಡುವುದಕ್ಕೆ ‘ಬಸ್ತಿ ಚಿಕಿತ್ಸೆ’ ಎಂಬ ಹೆಸರು ಬಂದುದೂ ಇದರಿಂದಲೇ. ಹಿಂದೆ ಪ್ರಾಣಿಗಳ ಮೂತ್ರಾಶಯವನ್ನು ಹದಮಾಡಿ ಆ ಕೆಲಸಕ್ಕೆ ಚೀಲವಾಗಿ ಬಳಸುತ್ತಿದ್ದರು. ಮೂತ್ರವು ನೋವಿನಿಂದ, ಕಷ್ಟದಿಂದ ಇಳಿದರೆ ಅದು ಮೂತ್ರಕೃಚ್ಛ್ರ, ಕಟ್ಟಿಕೊಂಡರೆ ಮೂತ್ರಾಘಾತ, ಬಸ್ತಿಯಲ್ಲಿ ಕಲ್ಲು ಬೆಳೆದರೆ ಅಶ್ಮರಿ. ‘ಅಶ್ಮ’ವೆಂದರೆ ಕಲ್ಲು. ಈಗ ಕಲ್ಲು ಎಂದೊಡನೆ ನಮಗೆ ಮೂತ್ರಪಿಂಡದ ಕಲ್ಲು ನೆನಪಾಗುತ್ತದೆ. ಹಿಂದಿನವರನ್ನು ಹೆಚ್ಚಾಗಿ ಕಾಡಿದ್ದಾದರೋ ಮೂತ್ರಾಶಯದ ಕಲ್ಲು; ಅದೂ ಬಹುಮಟ್ಟಿಗೆ ಮಕ್ಕಳನ್ನು.

ಈ ಬೇನೆ ಎಷ್ಟು ಹಳೆಯದೆಂಬುದಕ್ಕೆ ಒಂದು ಸಾಕ್ಷಿ ಈಜಿಪ್ಟಿನಲ್ಲಿ ದೊರೆಯಿತು. ಅಲ್ಲಿನ ಎಲ್ ಅಮ್ರಾ ಎಂಬ ಊರಿನ ಪುರಾತನ ಸಮಾಧಿಯೊಂದರಲ್ಲಿ, ಹದಿಹರೆಯದ ಹುಡುಗನೊಬ್ಬನ ಅಸ್ಥಿಗಳ ನಡುವೆ ಮೂತ್ರಾಶಯದ ಕಲ್ಲೊಂದು ೧೯೦೧ರಲ್ಲಿ ಎಲಿಯಟ್ ಸ್ಮಿತ್ ಎಂಬ ವಿದ್ವಾಂಸನ ಕಣ್ಣಿಗೆ ಬಿದ್ದಿತು. ಆ ಸಮಾಧಿ ಆರು ಸಾವಿರ ವರ್ಷಗಳಿಗೂ ಹಿಂದಿನದೆಂದು ಎಣಿಸಲಾಗಿದೆ. ಲಂಡನ್ನಿನ ವಸ್ತುಸಂಗ್ರಹಾಲಯ ಸೇರಿದ್ದ ಆ ಕಲ್ಲು ೧೯೪೧ರ ಬಾಂಬಿನ ದಾಳಿಯಲ್ಲಿ ನಾಶವಾಯಿತು. ಆ ಹುಡುಗನ ಹೆಸರನ್ನು ಯಾರೂ ಅರಿಯರು. ಅವನ ನೋವು ಮಾತ್ರ ಚರಿತ್ರೆಗೆ ಸೇರಿತು.

ಈ ಕಲ್ಲನ್ನು ಹೊರತೆಗೆಯುವ ಬಗೆ ಹೇಗೆ? ಪ್ರಾಚೀನ ವೈದ್ಯರಿಗೆ ಇದು ಧರ್ಮಸಂಕಟವಾಗಿದ್ದಿತು. ಗ್ರೀಸಿನ ಹಿಪೊಕ್ರೆಟಿಸನ ಹೆಸರಿನಲ್ಲಿ ನಡೆದುಬಂದ ವೈದ್ಯರ ಪ್ರತಿಜ್ಞೆಯಲ್ಲಿ, ಕಲ್ಲಿಗಾಗಿ ತಾನು ಶಸ್ತ್ರ ಹಿಡಿಯುವುದಿಲ್ಲ, ಆ ಕಸುಬಿನವರಿಗೇ ಅದನ್ನು ಬಿಟ್ಟುಬಿಡುತ್ತೇನೆ ಎಂಬ ಮಾತು ಸೇರಿದೆ.

ನಮ್ಮ ಸುಶ್ರುತನು ಹಿಂಜರಿಯಲಿಲ್ಲ. ಆದರೆ ಎಚ್ಚರ ತಪ್ಪಲೂ ಇಲ್ಲ. ಕಾಶಿಯ ದಿವೋದಾಸ ಧನ್ವಂತರಿಯ ಶಿಷ್ಯನೆಂದು ಪ್ರಸಿದ್ಧನಾದ ಈತನ ಸಂಹಿತೆಯಲ್ಲಿ ನಿದಾನಸ್ಥಾನದ ಮೂರನೆಯ ಅಧ್ಯಾಯವೂ ಚಿಕಿತ್ಸಾಸ್ಥಾನದ ಏಳನೆಯ ಅಧ್ಯಾಯವೂ ಅಶ್ಮರಿಗೆ ಮೀಸಲಾಗಿವೆ. ಮೊದಲು ಘೃತ, ಕಷಾಯ, ಕ್ಷಾರಗಳಿಂದ ಪ್ರಯತ್ನಿಸಬೇಕು. ಫಲಿಸದಿದ್ದರೆ ಮಾತ್ರ ಶಸ್ತ್ರ. ರೋಗಿಯನ್ನು ಹಲಗೆಯ ಮೇಲೆ ಮಲಗಿಸಿ, ಮೊಣಕಾಲು ಮೊಣಕೈಗಳನ್ನು ಕಟ್ಟಿ, ಎಡಗೈಯ ಎರಡು ಬೆರಳುಗಳನ್ನು ಗುದದೊಳಗೆ ತೂರಿಸಿ ಕಲ್ಲನ್ನು ಮುಂದಕ್ಕೆ ಒತ್ತಿ ತಂದು, ನಡುವಣ ಹೊಲಿಗೆಯಂಥ ಗೆರೆಯಿಂದ ಜವೆಗೋಧಿಯ ಕಾಳಿನಷ್ಟು ದೂರದಲ್ಲಿ, ಎಡಗಡೆಗೆ, ಕಲ್ಲಿನ ಗಾತ್ರಕ್ಕೆ ತಕ್ಕಂತೆ ಕೊಯ್ಯಬೇಕು. ಕಲ್ಲು ಒಡೆಯದಂತೆ ತೆಗೆಯಬೇಕು. ಚೂರು ಉಳಿದರೂ ಅದು ಮತ್ತೆ ಬೆಳೆಯುತ್ತದೆ. ಅನಂತರ ರೋಗಿಯನ್ನು ಬಿಸಿನೀರಿನ ದೋಣಿಯಲ್ಲಿ ಕುಳ್ಳಿರಿಸಬೇಕು.

ಇದೆಲ್ಲಕ್ಕಿಂತ ನನ್ನ ಮನಸ್ಸನ್ನು ಸೆಳೆಯುವುದು ಶಸ್ತ್ರಕ್ಕೆ ಮುಂಚೆ ಸುಶ್ರುತನು ವಿಧಿಸುವ ಇನ್ನೊಂದು ನಿಯಮ. ಕೊಯ್ಯದಿದ್ದರೆ ಸಾವು ತಪ್ಪದು. ಕೊಯ್ದರೂ ಉಳಿಯುವುದು ಸಂದೇಹ. ಆದ್ದರಿಂದ ವೈದ್ಯನು ಮೊದಲು ಒಡೆಯನ ಅಪ್ಪಣೆ ಪಡೆದು ಕೈಹಾಕಬೇಕು ಎಂದು ಆತನ ಅಭಿಪ್ರಾಯ. ಎಷ್ಟು ಕುಶಲನಾದರೂ ತನ್ನ ಕೈಯ ಮಿತಿಯನ್ನು ಮುಚ್ಚಿಡಬಾರದೆಂಬ ಈ ಪ್ರಾಮಾಣಿಕತೆ ದೊಡ್ಡದು. ರೋಮಿನ ಸೆಲ್ಸಸ್ ಎಂಬುವನೂ ಕ್ರಿ. ಶ. ಮೊದಲನೆಯ ಶತಮಾನದಲ್ಲಿ ಹೆಚ್ಚುಕಡಿಮೆ ಇಂಥದೇ ಕ್ರಮವನ್ನು ಬರೆದಿಟ್ಟನು. ಒಂಬತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಮಾತ್ರ ಇದು ಯೋಗ್ಯವೆಂದನು.

ಮುಂದೆ ಯೂರೋಪಿನಲ್ಲಿ ಈ ವಿದ್ಯೆ ಬಹುಕಾಲ ಊರೂರು ತಿರುಗುವ ಕಸುಬುಗಾರರ ಕೈಯಲ್ಲಿಯೂ ಇದ್ದಿತು. ಮತ್ತು ಬರಿಸುವ ಔಷಧಿ ಬಂದದ್ದು ೧೮೪೬ರಲ್ಲಿ. ಅದಕ್ಕೆ ಮೊದಲು ರೋಗಿ ಎಚ್ಚರವಿದ್ದಂತೆಯೇ ಕೊಯ್ಯಬೇಕಾಗಿತ್ತು. ದಿನಚರಿ ಬರೆದು ಖ್ಯಾತನಾದ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪೀಪ್ಸನಿಗೆ ೧೬೫೮ರ ಮಾರ್ಚ್ ೨೬ರಂದು ಹೀಗೆ ಶಸ್ತ್ರವಾಯಿತು. ಟೆನಿಸ್ ಚೆಂಡಿನಷ್ಟು ದೊಡ್ಡ ಕಲ್ಲು ಹೊರಬಂದಿತಂತೆ. ಆತ ಬದುಕಿದನು, ಕಲ್ಲನ್ನು ಪೆಟ್ಟಿಗೆಯಲ್ಲಿಟ್ಟು ಕಾಪಾಡಿದನು, ಆ ದಿನವನ್ನು ವರ್ಷವರ್ಷವೂ ಔತಣದಿಂದ ಆಚರಿಸಲು ಸಂಕಲ್ಪಿಸಿದನು. ಎರಡನೆಯ ಜನ್ಮದಿನವೆಂದರೆ ಅದೇ ಅಲ್ಲವೆ?

ಲಂಡನ್ನಿನ ವಿಲಿಯಂ ಚೆಸೆಲ್ಡನ್ ಎಂಬ ಶಸ್ತ್ರವೈದ್ಯನು ೧೭೨೭ರ ಸುಮಾರಿಗೆ ಪಕ್ಕದಿಂದ ಕೊಯ್ಯುವ ವಿಧಾನವನ್ನು ಸುಧಾರಿಸಿ, ಒಂದೆರಡು ನಿಮಿಷಗಳಲ್ಲಿ ಕಲ್ಲನ್ನು ತೆಗೆಯುತ್ತಿದ್ದನು. ಅವನ ಚಾಕಚಕ್ಯಕ್ಕಿಂತ ಅವನ ಲೆಕ್ಕ ಮುಖ್ಯ. ೨೧೩ ರೋಗಿಗಳಲ್ಲಿ ೨೦ ಮಂದಿ ತೀರಿಕೊಂಡರೆಂದು ಅವನು ಮುಚ್ಚುಮರೆಯಿಲ್ಲದೆ ಪ್ರಕಟಿಸಿದನು. ಗೆದ್ದುದನ್ನು ಎಲ್ಲರೂ ಎಣಿಸುತ್ತಾರೆ. ಸೋತುದನ್ನೂ ಎಣಿಸುವವನಿಂದ ವಿದ್ಯೆ ಬೆಳೆಯುತ್ತದೆ.

ಕೊಯ್ಯದೆಯೇ ಕಲ್ಲನ್ನು ಪುಡಿಮಾಡಲಾಗದೆ? ಈ ಪ್ರಶ್ನೆಗೆ ನಮ್ಮ ದೇಶದ ಲಕ್ನೋ ನಗರದಲ್ಲಿ ಒಂದು ವಿಚಿತ್ರವಾದ ಉತ್ತರ ದೊರೆಯಿತು. ಅಲ್ಲಿ ನೆಲೆಸಿದ್ದ ಕ್ಲಾಡ್ ಮಾರ್ಟಿನ್ ಎಂಬ ಫ್ರೆಂಚ್ ಸೈನಿಕನು, ಲಾ ಮಾರ್ಟಿನಿಯೆರ್ ಶಾಲೆಗಳಿಗೆ ಕಾರಣನಾದವನು, ೧೭೮೨ರಲ್ಲಿ ತನ್ನ ಮೂತ್ರಾಶಯದ ಕಲ್ಲನ್ನು ತಾನೇ ಅರದಿಂದ ಉಜ್ಜಿ ಸವೆಸಿದನು! ಮೂತ್ರನಾಳದ ಮೂಲಕ ಒಂದು ತಂತಿಯ ಅರವನ್ನು ತೂರಿಸಿ, ದಿನಕ್ಕೆ ಹಲವು ಸಲದಂತೆ ತಿಂಗಳುಗಟ್ಟಲೆ ಉಜ್ಜಿದನಂತೆ. ಇಂಥ ಸಾಹಸ ಅನುಕರಣೀಯವಲ್ಲ. ಆದರೆ ಅವನು ಹಿಡಿದ ದಾರಿ ಸರಿಯಾಗಿಯೇ ಇದ್ದಿತು. ೧೮೨೪ರಲ್ಲಿ ಪ್ಯಾರಿಸಿನ ಸಿವಿಯಾಲ್ ಎಂಬ ವೈದ್ಯನು ಅದೇ ನಾಳದ ಮೂಲಕ ಉಪಕರಣವನ್ನು ಕಳುಹಿಸಿ ರೋಗಿಯ ಕಲ್ಲನ್ನು ಒಡೆದನು. ೧೮೭೮ರಲ್ಲಿ ಬಾಸ್ಟನ್ನಿನ ಬಿಗೆಲೊ ಎಂಬುವನು ಒಂದೇ ಸಲಕ್ಕೆ ಒಡೆದು, ಚೂರುಗಳನ್ನು ತೊಳೆದು ತೆಗೆಯುವ ಕ್ರಮವನ್ನು ಪ್ರಚಾರಕ್ಕೆ ತಂದನು. ಈ ಕ್ರಮ ಚಿಕ್ಕ ಹುಡುಗರಿಗೂ ಸಲ್ಲುವುದೆಂದು ತೋರಿಸಿಕೊಟ್ಟವನು ಇಂದೂರಿನಲ್ಲಿ ಕೆಲಸಮಾಡುತ್ತಿದ್ದ ಕೀಗನ್ ಎಂಬ ವೈದ್ಯ. ಈ ನಡುವೆ ಜರ್ಮನಿಯ ನಿಟ್ಸೆ ಎಂಬುವನು ಮೂತ್ರಾಶಯದ ಒಳಗನ್ನು ಕಣ್ಣಿನಿಂದಲೇ ನೋಡುವ ದರ್ಶಕಯಂತ್ರವನ್ನು ೧೮೭೭ರಲ್ಲಿ ರಚಿಸಿದ್ದನು. ಬೆರಳಿನಿಂದ ತಡಕುವ ಕಾಲ ಹೋಗಿ ಬೆಳಕಿನಲ್ಲಿ ಕಾಣುವ ಕಾಲ ಬಂದಿತು. ೧೯೮೦ರಲ್ಲಿ ಮ್ಯೂನಿಕ್ಕಿನಲ್ಲಿ, ಮೈಯನ್ನು ಕೊಯ್ಯದೆ, ನಾಳದೊಳಗೆ ಏನನ್ನೂ ತೂರಿಸದೆ, ಹೊರಗಿನಿಂದ ಕಳುಹಿಸಿದ ಆಘಾತದ ಅಲೆಗಳಿಂದಲೇ ಮೂತ್ರಪಿಂಡದ ಕಲ್ಲನ್ನು ಪುಡಿಮಾಡಿದರು.

ಇಷ್ಟಾದರೂ ಮಕ್ಕಳನ್ನು ಈ ಬೇನೆಯಿಂದ ಹೆಚ್ಚಾಗಿ ಕಾಪಾಡಿದ್ದು ಯಾವ ಉಪಕರಣವೂ ಅಲ್ಲ, ಊಟದ ತಟ್ಟೆ. ನೀಲಗಿರಿಯ ಕೂನೂರಿನ ಪ್ರಯೋಗಾಲಯದಲ್ಲಿ ಮೆಕ್ಯಾರಿಸನ್ ಎಂಬ ವೈದ್ಯವಿಜ್ಞಾನಿಯು ೧೯೨೦ರ ಮತ್ತು ೧೯೩೦ರ ದಶಕಗಳಲ್ಲಿ ಇಲಿಗಳಿಗೆ ಕೊರತೆಯ ಆಹಾರವನ್ನು ಕೊಟ್ಟು, ಅವುಗಳ ಮೂತ್ರಾಶಯದಲ್ಲಿ ಕಲ್ಲು ಬೆಳೆಯುವುದನ್ನು ತೋರಿಸಿದನು. ಬರಿಯ ಧಾನ್ಯವನ್ನೇ ತಿಂದು, ಹಾಲು ಮೊದಲಾದ ಪುಷ್ಟಿಕರ ಪದಾರ್ಥಗಳಿಲ್ಲದೆ ಬೆಳೆಯುವ ಬಡಮಕ್ಕಳಲ್ಲಿ ಈ ಕಲ್ಲು ಹೆಚ್ಚು. ಊಟ ಸುಧಾರಿಸಿದಂತೆಲ್ಲ ಅದು ಮೊದಲು ಯೂರೋಪಿನಲ್ಲಿ, ಆಮೇಲೆ ನಮ್ಮಲ್ಲಿಯೂ ಹಿಮ್ಮೆಟ್ಟಿತು.

ನಮ್ಮ ಮನೆಗಳಲ್ಲಿ ಬಾಳೆದಿಂಡಿನ ಪಲ್ಯ, ಹುರುಳಿಯ ಕಟ್ಟು, ನೆಗ್ಗಿಲುಮುಳ್ಳಿನ ಕಷಾಯಗಳನ್ನು ಕಲ್ಲಿಗೆ ಮದ್ದೆಂದು ಹೇಳುವುದುಂಟು. ಉಣ್ಣುವುದರಲ್ಲಿ ತಪ್ಪೇನಿಲ್ಲ. ಆದರೆ ಮೂತ್ರದಲ್ಲಿ ರಕ್ತ ಕಂಡರೆ, ಚಳಿಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ ಅಡಿಗೆಮನೆಯ ಮದ್ದನ್ನು ನಂಬಿ ಕೂರದೆ ಆಸ್ಪತ್ರೆಗೆ ಹೋಗಬೇಕು.

ಕೊನೆಯದಾಗಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಶಾಲೆಯಲ್ಲಿ ಮಕ್ಕಳು ಕಿರುಬೆರಳೆತ್ತಿ ‘ಒಂದಕ್ಕೆ, ಸಾರ್’ ಎಂದು ಕೇಳುವುದನ್ನು ನೀವೆಲ್ಲ ಬಲ್ಲಿರಿ. ಹಲವು ವರ್ಷಗಳ ಹಿಂದೆ ನಾನು ಸಂಧಿಪ್ರಕರಣವನ್ನು ಪಾಠಮಾಡುತ್ತಿದ್ದಾಗ ಒಬ್ಬ ಹುಡುಗನು ಮೂರು ಸಲ ಬೆರಳೆತ್ತಿದನು. ಪಾಠ ತಪ್ಪಿಸುವ ಹೂಟವೆಂದು ಮೂರು ಸಲವೂ ಕೂರಿಸಿದೆನು. ಮರುದಿನ ಅವನು ಬರಲಿಲ್ಲ. ಅವನ ತಾಯಿ ಬಂದರು. ‘ಮಗುವಿಗೆ ಉರಿಮೂತ್ರ, ಮೇಷ್ಟ್ರೇ. ರಾತ್ರಿಯೆಲ್ಲ ಜ್ವರ. ನಾಲ್ಕು ದಿನದಿಂದ ಇದ್ದಿತಂತೆ, ನಾಚಿಕೆಯಿಂದ ನಮಗೂ ಹೇಳಲಿಲ್ಲ’ ಎಂದರು. ಆಕೆ ನನ್ನನ್ನು ದೂರಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು. ಹುಡುಗನು ಔಷಧಿಯಿಂದ ಗುಣಹೊಂದಿ ವಾರದಲ್ಲಿ ಮರಳಿ ಬಂದನೆಂಬುದೇ ಸಮಾಧಾನ.

ಸುಶ್ರುತನು ವೈದ್ಯನಿಗೆ ಅಪ್ಪಣೆ ಕೇಳೆಂದನು. ಆ ಹುಡುಗನು ನನ್ನ ಅಪ್ಪಣೆಯನ್ನೇ ಕೇಳುತ್ತಿದ್ದನು. ಅಂದಿನಿಂದ ನಾನು ಯಾವ ಮಗುವಿನ ಕಿರುಬೆರಳನ್ನೂ ಇಳಿಸಿಲ್ಲ. ಶಾಲೆಯಲ್ಲಿ ಹೊರಗೆ ಹೋಗಲು ಸರಿಯಾದ ಸ್ಥಳವಿಲ್ಲವೆಂದು ಬೆಳಗಿನಿಂದ ನೀರನ್ನೇ ಕುಡಿಯದೆ ಇರುವ ಹೆಣ್ಣುಮಕ್ಕಳು ಎಷ್ಟೋ ಮಂದಿ. ನೀರು ಕುಡಿಯದೆ, ಬಂದುದನ್ನು ತಡೆಹಿಡಿದು ಕೂರುವುದರಿಂದ ಮೂತ್ರದ ಸೋಂಕಿಗೆ ದಾರಿಯಾಗುತ್ತದೆ. ಇಂದು ಸಂಜೆ ನಿಮ್ಮ ಮಕ್ಕಳು ಶಾಲೆಯಿಂದ ಬಂದಾಗ ಅಂಕಗಳ ಮಾತಿಗೆ ಮುಂಚೆ ಇದನ್ನೊಂದು ಕೇಳಿ ನೋಡಿರಿ. ಆರು ಸಾವಿರ ವರ್ಷಗಳ ಕೆಳಗೆ ಆ ಈಜಿಪ್ಟಿನ ಹುಡುಗನು ಹೇಳಿಕೊಂಡಿದ್ದರೂ ಮಾಡುವಂಥದು ಹೆಚ್ಚೇನೂ ಇರಲಿಲ್ಲ. ನಮ್ಮ ಮಕ್ಕಳು ಹೇಳಿಕೊಂಡರೆ ಮಾಡುವಂಥದು ಈಗ ಬೇಕಾದಷ್ಟಿದೆ.