ಅಂಗಭೋಗ: ಒಂದು ಬಿಸಿಕಲ್ಲಿನ ಮಾಲೀಸಿನ ನೆಪದಲ್ಲಿ

ಶಾಸನ ಓದುವವರಿಗೆ ಮೊದಲು ಕಣ್ಣು ಹೋಗುತ್ತದೆ ಎಂದು ನಮ್ಮ ವಿಭಾಗದ ಹಿರಿಯರು ಹೇಳುತ್ತಿದ್ದರು. ನನಗೆ ಮೊದಲು ಹೋಗಿದ್ದು ಬೆನ್ನು. ಪಿಎಚ್.ಡಿ. ಕೆಲಸಕ್ಕೆಂದು ಎರಡು ವರ್ಷದಿಂದ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಗುಡಿಗಳನ್ನು ಸುತ್ತುತ್ತಿದ್ದೇನೆ. ಕಲ್ಲಿನ ಕೊನೆಯ ಸಾಲುಗಳು ಯಾವಾಗಲೂ ನೆಲಕ್ಕೆ ಹತ್ತಿಕೊಂಡೇ ಇರುತ್ತವೆ. ಮೊಳಕಾಲೂರಿ, ಕತ್ತು ಓರೆ ಮಾಡಿ, ಮೊಬೈಲಿನ ಬೆಳಕನ್ನು ಅಡ್ಡ ಹಿಡಿದು ಓದಬೇಕು. ಕಳೆದ ಚಳಿಗಾಲದ ಹೊತ್ತಿಗೆ ಬಗ್ಗಿದರೆ ಏಳಲು ಗೋಡೆ ಹಿಡಿಯಬೇಕಾಯಿತು.

ಹುಬ್ಬಳ್ಳಿಯಲ್ಲಿ ನೌಕರಿ ಹಿಡಿದಿರುವ ಗೆಳತಿ ನನ್ನ ಹುಟ್ಟುಹಬ್ಬಕ್ಕೆ ಒಂದು ಕೂಪನ್ ಕೊಟ್ಟಳು. ದೊಡ್ಡ ಹೋಟೆಲಿನ ಸ್ಪಾ, ಬಿಸಿಕಲ್ಲಿನ ಮಸಾಜು, 60 ನಿಮಿಷ, 3,500 ರೂಪಾಯಿ. ನನ್ನ ಕೋಣೆಯ ಒಂದು ತಿಂಗಳ ಬಾಡಿಗೆ ಅದಕ್ಕಿಂತ ಕಡಿಮೆ. ಬೇಡ ಅಂದೆ. "ವಾಪಸ್ ತಗೋಳಂಗಿಲ್ಲ, ಸುಮ್ನ ಹೋಗು" ಅಂದಳು. ಹೋದೆ.

ಒಳಗೆ ಮಬ್ಬು ಬೆಳಕು, ನಿಂಬೆಹುಲ್ಲಿನ ವಾಸನೆ. ನನ್ನನ್ನು ಕರೆದುಕೊಂಡ ಹುಡುಗಿ ಮಿಜೋರಾಮಿನವಳು. ಹಿಂದಿಯಲ್ಲಿ ಮಾತಾಡಿದೆವು. ಒಂದು ಮೂಲೆಯಲ್ಲಿ ಕರೆಂಟಿನ ಪಾತ್ರೆ, ಅದರ ಬಿಸಿನೀರಿನಲ್ಲಿ ನುಣುಪಾದ ಕರಿಕಲ್ಲುಗಳು. ಎಣ್ಣೆ ಹಚ್ಚಿ, ಕಲ್ಲನ್ನು ಮೊದಲು ತನ್ನ ಅಂಗೈಯಲ್ಲಿ ಹಿಡಿದು ಬಿಸಿ ನೋಡಿ, ಆಮೇಲೆ ನನ್ನ ಬೆನ್ನಿಗೆ ಇಟ್ಟಳು. ಒಂದು, ಎರಡು, ಮೂರು, ಬೆನ್ನುಹುರಿಯ ಎರಡೂ ಬದಿಗೆ. ಕಾವು ನಿಧಾನಕ್ಕೆ ಒಳಗಿಳಿಯಿತು. ಎರಡು ವರ್ಷ ನಾನು ಕಲ್ಲಿನ ಮೇಲೆ ಬಗ್ಗಿದ್ದೆ, ಈಗ ಕಲ್ಲು ನನ್ನ ಮೇಲೆ ಕೂತಿತ್ತು. ನಗು ಬಂತು. ಆಮೇಲೆ ನಗು ನಿಂತು, ಹಿರೇಕೆರೂರು ಹತ್ತಿರದ ನನ್ನ ಅಜ್ಜಿಯ ಮನೆಯ ಬಚ್ಚಲು ನೆನಪಾಯಿತು. ಅಲ್ಲಿ ಇಟ್ಟಂಗಿ ಕಾಸಿ ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಬಾಣಂತಿಯ ಸೊಂಟಕ್ಕೆ ಒತ್ತುತ್ತಿದ್ದ ಒಬ್ಬ ಮುದುಕಿಯ ಕೈ ನೆನಪಾಯಿತು. ಆ ಕೈಯ ಹೆಸರು ಮಾತ್ರ ನೆನಪಾಗಲಿಲ್ಲ.

ಹೊರಗೆ ಬಂದು ಕೂತಾಗ ಅವರ ಪಟ್ಟಿ ನೋಡಿದೆ. ಬಿಸಿಕಲ್ಲಿನ ಮಸಾಜು ಪುರಾತನ ಕಲೆ ಎಂದು ಬರೆದಿತ್ತು. ಇತಿಹಾಸದ ವಿದ್ಯಾರ್ಥಿಗೆ 'ಪುರಾತನ' ಎಂಬ ಶಬ್ದ ಕಂಡರೆ ಕೈ ತುರಿಸುತ್ತದೆ. ಈಗ ಸ್ಪಾಗಳಲ್ಲಿರುವ ಈ ಪದ್ಧತಿಗೆ ರೂಪ ಕೊಟ್ಟವರು ಅಮೆರಿಕದ ಅರಿಜೋನಾದ ಮೇರಿ ನೆಲ್ಸನ್, 1993ರಲ್ಲಿ. ಅದೇ ಪಟ್ಟಿಯಲ್ಲಿದ್ದ 'ಸ್ವೀಡಿಷ್ ಮಸಾಜು' ಸ್ವೀಡನ್ನಿನ ಪೆರ್ ಹೆನ್ರಿಕ್ ಲಿಂಗ್ ಹೆಸರಿಗೆ ಅಂಟಿಕೊಂಡಿದೆ. ಅದನ್ನು ಇಂದಿನ ಕ್ರಮಕ್ಕೆ ತಂದದ್ದು ಹತ್ತೊಂಬತ್ತನೇ ಶತಮಾನದ ಡಚ್ ವೈದ್ಯ ಯೋಹಾನ್ ಮೆಟ್ಸ್‌ಗರ್ ಎಂಬ ವಾದವಿದೆ.

ಆದರೆ ಈ ದಾರಿಯಲ್ಲಿ ಎದುರು ದಿಕ್ಕಿನ ಸಂಚಾರವೂ ನಡೆದಿದೆ. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ಶೇಕ್ ದೀನ್ ಮಹಮ್ಮದ್ ಕಂಪನಿಯ ಸೈನ್ಯದ ಜೊತೆಗಿದ್ದು, ಐರ್ಲೆಂಡಿಗೆ ಹೋಗಿ, 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ತಾನಿ ಊಟದ ಮನೆ ತೆರೆದು, ಅದು ನಡೆಯದೆ, ಕೊನೆಗೆ ಬ್ರೈಟನ್ ಎಂಬ ಸಮುದ್ರ ತೀರದ ಊರಿನಲ್ಲಿ ಹಬೆಸ್ನಾನ ಮತ್ತು ಮಾಲೀಸಿನ ಮನೆ ನಡೆಸಿದ. ಇಂಗ್ಲೆಂಡಿನ ದೊರೆ ನಾಲ್ಕನೇ ಜಾರ್ಜನಿಗೆ ಅವನು 'ಶಾಂಪೂಯಿಂಗ್ ಸರ್ಜನ್' ಆದ. ಶಾಂಪೂ ಎಂದರೆ ಅಂದು ಮೈ ಒತ್ತುವುದು, ಹಿಂದಿಯ 'ಚಾಂಪೋ'ದಿಂದ ಹೋದ ಮಾತು. ನಮ್ಮ ಕೈಗಳ ಕೆಲಸದ ಹೆಸರು ಹಡಗು ಹತ್ತಿ ಹೋಗಿ, ಒಂದು ರೂಪಾಯಿಯ ಚೀಟಿಯಾಗಿ ನಮ್ಮ ಕಿರಾಣಿ ಅಂಗಡಿಯಲ್ಲಿ ಬಂದು ನೇತಾಡಿತು. ಆ ಚೀಟಿಯಲ್ಲಿ ಕೈ ಇಲ್ಲ.

ಈ ಯೋಚನೆ ಹಿಡಿದು ನನ್ನ ನಾಲ್ಕು ತಾಲೂಕುಗಳಿಗೆ ಮರಳಿದೆ. ಮೈಗೆ ಎಣ್ಣೆ ಹಚ್ಚುವುದರ ಇತಿಹಾಸ ಇಲ್ಲಿ ಎಲ್ಲಿ ಬರೆದಿದೆ?

ಹಾನಗಲ್ಲಿನಿಂದ ಶುರು ಮಾಡೋಣ. ಹಳೆಯ ಪಾನುಂಗಲ್ಲು ಕದಂಬರ ರಾಜಧಾನಿ, ಅವರ ಮೇಲೆ ಕಲ್ಯಾಣದ ಚಾಲುಕ್ಯರು. ತಾರಕೇಶ್ವರ ಗುಡಿಯ ತಾವರೆಯ ಛತ್ತಿನ ಕೆಳಗೆ ನಿಂತರೆ ಆ ಕಾಲದ ಸಿರಿ ಗೊತ್ತಾಗುತ್ತದೆ. ಈ ಸೀಮೆಯ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಜೋಡಿ ಶಬ್ದ 'ಅಂಗಭೋಗ ರಂಗಭೋಗ'. ರಂಗಭೋಗ ಎಂದರೆ ದೇವರ ಮುಂದಿನ ಹಾಡು, ಕುಣಿತ. ಅಂಗಭೋಗ ಎಂದರೆ ದೇವರ ಮೈಗೆ ಸಲ್ಲುವ ಸೇವೆ: ಮಜ್ಜನ, ಗಂಧ, ಹೂವು, ಉಡುಗೆ. ಅದಕ್ಕೆ ಇಷ್ಟು ಮತ್ತರು ಭೂಮಿ, ನಂದಾದೀವಿಗೆಗೆ ಇಷ್ಟು ಎಣ್ಣೆ, ಗಾಣದ ಆದಾಯದಲ್ಲಿ ಇಷ್ಟು ಪಾಲು ಎಂದು ಲೆಕ್ಕ ಚುಕ್ತಾ ಬರೆದಿರುತ್ತದೆ. ಎಣ್ಣೆ ತೆಗೆಯುವ ತೆಲ್ಲಿಗರು 'ಐವತ್ತೊಕ್ಕಲು' ಎಂಬ ಸಂಘವಾಗಿ ದಾನ ಕೊಟ್ಟದ್ದೂ ಕಲ್ಲಿನಲ್ಲಿದೆ. ದೇವರ ಮೈ, ಎಣ್ಣೆ ಕೊಟ್ಟವರು, ಭೂಮಿ ಬಿಟ್ಟವರು ಎಲ್ಲ ಸಿಗುತ್ತಾರೆ.

ಅರಸನ ಮೈಯೂ ಸಿಗುತ್ತದೆ. ಕಲ್ಯಾಣದ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ' 1129ರ ಸುಮಾರಿನ ಸಂಸ್ಕೃತ ಗ್ರಂಥ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟು 100 ಅಧ್ಯಾಯ. ಮೂರನೆಯ ಭಾಗ ಅರಸನ ಉಪಭೋಗಗಳಿಗೆ ಮೀಸಲು. ಅದರಲ್ಲೊಂದು ಸ್ನಾನಭೋಗ: ಹೂವಿನ ವಾಸನೆ ಕೂಡಿಸಿದ ಎಣ್ಣೆ, ಅದನ್ನು ಮೈಗೆ ತಿಕ್ಕುವುದು, ಜಿಡ್ಡು ತೆಗೆಯಲು ಪರಿಮಳದ ಪುಡಿ, ಆಮೇಲೆ ನೀರು. ಸ್ಪಾದ ಪಟ್ಟಿಯನ್ನು ಪಕ್ಕದಲ್ಲಿಟ್ಟು ಓದಿದರೆ ಕ್ರಮದಲ್ಲಿ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ಅಂದು ಒಬ್ಬ ಅರಸನಿಗೆ ಇದ್ದದ್ದು ಇಂದು ಕೂಪನ್ ಇರುವ ಯಾರಿಗಾದರೂ ಇದೆ.

ಅದಕ್ಕೆ ಪೂರ್ತಿ ತಿರುಗಿ ನಿಂತ ಮೈಯೂ ಇದೇ ನೆಲದ್ದು. ಶಿಗ್ಗಾವಿ ತಾಲೂಕಿನ ಬಂಕಾಪುರಕ್ಕೆ ಇಂದು ಜನ ಹೋಗುವುದು ನವಿಲು ನೋಡಲು ಮತ್ತು ಅರವತ್ತು ಕಂಬದ ಗುಡಿ ನೋಡಲು. ಹತ್ತನೇ ಶತಮಾನದಲ್ಲಿ ಅದು ಜೈನರ ದೊಡ್ಡ ನೆಲೆ. ಗಂಗದೊರೆ ಎರಡನೆಯ ಮಾರಸಿಂಹ ರಾಜ್ಯ ಬಿಟ್ಟು, ಇಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟ. ಅದು 974ರ ಹೊತ್ತು, ಶ್ರವಣಬೆಳಗೊಳದ ಕಂಬವೊಂದರ ಮೇಲೆ ದಾಖಲಾಗಿದೆ. ದಿಗಂಬರ ಮುನಿಯ 28 ಮೂಲಗುಣಗಳಲ್ಲಿ ಸ್ನಾನ ಮಾಡದಿರುವುದೂ ಒಂದು. ಎಣ್ಣೆಯ ಮಾತೇ ಇಲ್ಲ. ಎಷ್ಟೋ ಯುದ್ಧ ಗೆದ್ದ ದೊರೆಯ ಮೈ ಅಲ್ಲಿ ಉಪವಾಸದಲ್ಲಿ ಸಣ್ಣಗಾಗುತ್ತ ಹೋಯಿತು. ಭೋಗದ ಮೈಗೂ ತ್ಯಾಗದ ಮೈಗೂ ನಮ್ಮಲ್ಲಿ ಶಾಸನ ಉಂಟು.

ಸವಣೂರಿನಲ್ಲಿ ಮಾತೇ ಬದಲಾಗುತ್ತದೆ. ಮಾಲೀಸು ಫಾರಸಿ, ಹಮಾಮು ಅರಬ್ಬಿ. ಬಿಜಾಪುರದ ಆದಿಲಶಾಹಿ, ಆಮೇಲೆ ಸವಣೂರಿನ ಪಠಾಣ ನವಾಬರು, ಇವರ ಕಾಲದ ಬಳಕೆಯಲ್ಲಿ ಇಂಥ ಎಷ್ಟೋ ಶಬ್ದಗಳು ನಮ್ಮವಾದವು. 1948ರಲ್ಲಿ ಸವಣೂರು ಸಂಸ್ಥಾನ ವಿಲೀನವಾಯಿತು, ಶಬ್ದಗಳು ಉಳಿದವು. ಗರಡಿ ಮನೆಯ ಪೈಲ್ವಾನನಿಗೂ ಮಾಲೀಸು, ಕ್ಷೌರದ ಅಂಗಡಿಯಲ್ಲಿ ತಲೆಗೂ ಮಾಲೀಸು. ಒಮ್ಮೆ ಅಪ್ಪ ನನ್ನನ್ನು ಸವಣೂರಿಗೆ ಗಾಡಿಯಲ್ಲಿ ಬಿಟ್ಟು, ನಾನು ಕೆಲಸ ಮುಗಿಸುವತನಕ ಒಂದು ಕ್ಷೌರದ ಅಂಗಡಿಯಲ್ಲಿ ಕೂತಿದ್ದರು. ತಲೆಗೆ ಎಣ್ಣೆ ತಟ್ಟಿಸಿಕೊಂಡು ಅರೆಗಣ್ಣಾಗಿದ್ದರು. ಅಂಗಡಿಯ ಕಾಕಾನ ತಲೆಯ ಮೇಲ್ಗಡೆ ಹಡಪದ ಅಪ್ಪಣ್ಣನ ಚಿತ್ರ ಇತ್ತು. ಬಸವಣ್ಣನ ಹತ್ತಿರ ಇದ್ದ ಶರಣ ಅಪ್ಪಣ್ಣ, ನಮ್ಮ ಕಡೆ ಕ್ಷೌರಿಕ ಸಮುದಾಯದ ಹೆಮ್ಮೆ. ಕಾಯಕದ ಹೆಸರೇ ಮನುಷ್ಯನ ಹೆಸರಿನ ಮುಂದೆ ಗೌರವದಿಂದ ನಿಂತ ಕಾಲ ಹನ್ನೆರಡನೇ ಶತಮಾನ. ಹಾಗೆ ನಿಲ್ಲಿಸಿಕೊಳ್ಳುವುದು ಎಷ್ಟು ಕಷ್ಟ ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಉಳಿದದ್ದು ಹಿರೇಕೆರೂರು. ಇಂಗ್ಲಿಷರ ಕಾಲದಲ್ಲಿ ಇದು ಕೋಡ ತಾಲೂಕಿನ ಕಸಬೆ. 1884ರ ಧಾರವಾಡ ಗ್ಯಾಸೆಟಿಯರಿನಲ್ಲಿ ಜಾತಿ ಜಾತಿಯ ಪದ್ಧತಿಗಳ ವಿವರ ಬರುವಾಗ ಹೆರಿಗೆಯ ಮಾತೂ ಬರುತ್ತದೆ: ತಾಯಿಗೂ ಕೂಸಿಗೂ ಎಣ್ಣೆ ತಿಕ್ಕಿ ಬಿಸಿನೀರು ಎರೆಯುತ್ತಾರೆ ಎಂದು. ವಾಕ್ಯ ಅಷ್ಟೇ. ಯಾರು ಎರೆಯುತ್ತಾರೆ ಎನ್ನುವುದನ್ನು ಒಂದು ಜಾತಿಯ ಹೆಸರಾಗಿ ಹೇಳಿದರೆ ಹೇಳಿತು.

ನಾನು ಹುಟ್ಟಿದ್ದು 1997ರಲ್ಲಿ, ಹಾವೇರಿ ಜಿಲ್ಲೆಯಾದ ವರ್ಷ. ನನಗೆ ಎರೆದದ್ದೂ, ಹನ್ನೊಂದು ವರ್ಷದ ಮೇಲೆ ಚಿಕ್ಕಮ್ಮನ ಮಗುವಿಗೆ ಎರೆದದ್ದೂ ಅದೇ ಮುದುಕಿ. ಎರಡನೆಯದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೇನೆ. ಹಂಡೆಯ ನೀರು ಕುದಿಯುತ್ತಿತ್ತು. ಔಡಲೆಣ್ಣೆ ಬೆಚ್ಚಗೆ ಮಾಡಿ, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ನೆತ್ತಿಗೆ ತಟ್ಟಿ, ಎದೆಯಿಂದ ತೋಳಿಗೆ, ತೊಡೆಯಿಂದ ಪಾದಕ್ಕೆ ನೀವುತ್ತಿದ್ದರು. ಆಮೇಲೆ ಬಾಣಂತಿ. ಸೊಂಟಕ್ಕೆ ಇಟ್ಟಂಗಿಯ ಕಾವು, ಹೊರಸಿನ ಕೆಳಗೆ ಕುಳ್ಳಿನ ಕೆಂಡ. ಆ ಹೊಗೆ ಕೂಸಿಗೂ ತಾಯಿಗೂ ಒಳ್ಳೆಯದಲ್ಲ ಎಂದು ವೈದ್ಯರು ಹೇಳುತ್ತಾರೆ, ಅದು ನಿಂತದ್ದು ಸರಿ. ಆದರೆ ಇಟ್ಟಂಗಿಯನ್ನು ಮೊದಲು ತನ್ನ ಕೆನ್ನೆಗೆ ತಾಗಿಸಿ ಬಿಸಿ ನೋಡುತ್ತಿದ್ದ ಆ ಎಚ್ಚರವನ್ನು ನಾನು ಎಲ್ಲಿಯೂ ಕಲಿಸಿದ್ದು ನೋಡಿಲ್ಲ.

ಆಕೆ ಹಿತ್ತಲ ಬಾಗಿಲಿನಿಂದ ಬರುತ್ತಿದ್ದರು, ಹಿತ್ತಲ ಬಾಗಿಲಿನಿಂದ ಹೋಗುತ್ತಿದ್ದರು. ಬಚ್ಚಲ ಪಕ್ಕದ ಗೂಡಿನಲ್ಲಿ ಅವರ ಚಹಾದ ಲೋಟ ಬೇರೆ ಇತ್ತು. ಕುಡಿದು ತಾವೇ ತೊಳೆದು ಅಲ್ಲೇ ಬೋರಲು ಹಾಕುತ್ತಿದ್ದರು. ಮನೆಯ ಹಸಿ ಬಾಣಂತಿಯನ್ನು, ಹೊಕ್ಕಳು ಒಣಗದ ಕೂಸನ್ನು ಮುಟ್ಟಬಹುದಾಗಿದ್ದ ಕೈ ಅಡುಗೆ ಮನೆಯ ಹೊಸ್ತಿಲು ಮುಟ್ಟುವಂತಿರಲಿಲ್ಲ. ಅದು 2008. ನಾನು ಅದನ್ನು ನೋಡಿದ್ದೆ, ಕಂಡಿರಲಿಲ್ಲ.

ಸ್ಪಾದಿಂದ ಬಂದ ವಾರವೇ ಊರಿಗೆ ಹೋಗಿ ಅಜ್ಜಿಯನ್ನು ಕೇಳಿದೆ.

"ಅಜ್ಜೀ, ನನಗ ಎರೀತಿದ್ದ ಆಯಿ ಹೆಸರೇನು?"

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೆಸರೇನ ಕೇಳ್ತಿ ಬಿಡವಾ. ಊರಾಗ ಎಲ್ಲಾರೂ ಎರಿಯೋ ಆಯಿ ಅಂತಿದ್ವಿ. ಆಕಿ ಕೈಯಂಥಾ ಕೈ ಇಲ್ಲ ಬಿಡು. ನಿನ್ನ ಸೊಟ್ಟ ಕಾಲು ನೆಟ್ಟಗಾಗಿದ್ದು ಆಕಿಯಿಂದ."

"ಏನ್ ಕೊಡ್ತಿದ್ರಿ?"

"ಜ್ವಾಳ ಕೊಡ್ತಿದ್ವಿ. ತೊಟ್ಟಲಕ್ಕ ಹಾಕಿದಾಗ ಒಂದ್ ಸೀರಿ."

ಆ ಲೋಟದ ಬಗ್ಗೆ ಕೇಳಿದೆ. ಅಜ್ಜಿ ನನ್ನ ಮುಖ ನೋಡಲಿಲ್ಲ. "ಆಗಿನ ಕಾಲ ಹಂಗಿತ್ತು" ಅಂದು ಒಳಗೆ ಹೋದರು. ಆಗಿನ ಕಾಲ ಎಂಬ ಮಾತನ್ನು ನಾನು ನನ್ನ ಪ್ರಬಂಧದಲ್ಲಿ ಎಷ್ಟು ಸಲ ಬರೆದಿದ್ದೇನೆ ಎಂದು ಯೋಚಿಸುತ್ತ ಕಟ್ಟೆಯ ಮೇಲೆ ಕೂತೆ.

ಆಯಿ ತೀರಿಕೊಂಡು ಎಂಟು ವರ್ಷವಾಗಿತ್ತು. ಅವರ ಮನೆ ಹುಡುಕಿಕೊಂಡು ಹೋದೆ. ಸೊಸೆ ಒಳಗೆ ಕರೆದು ಕೂಡಿಸಿ ಚಹಾ ಕೊಟ್ಟರು. ತಮ್ಮ ಮನೆಯ ಲೋಟದಲ್ಲೇ ಕೊಟ್ಟರು ಎಂಬುದನ್ನು ನಾನು ಗಮನಿಸಿದೆ, ನಾನು ಗಮನಿಸಿದ್ದನ್ನು ಅವರೂ ಗಮನಿಸಿದರು. ಅತ್ತೆಯ ಹೆಸರು ಹೇಳಿದರು. ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಎರೆಯುವವರ ಬಗ್ಗೆ ಲೇಖನ ಬರೆಯುತ್ತೇನೆ, ಇಂಥವರ ಹೆಸರು ಎಲ್ಲಿಯೂ ಇಲ್ಲ, ಇದನ್ನಾದರೂ ಹಾಕುತ್ತೇನೆ ಅಂದೆ. ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದನ್ನೂ ಉತ್ಸಾಹದಿಂದ ಹೇಳಿದೆ.

ಅವರು ಕೇಳಿಸಿಕೊಂಡು ಮೆಲ್ಲಗೆ ಅಂದರು: "ಅಕ್ಕಾರ, ಹೆಸರು ಹಾಕಬ್ಯಾಡ್ರಿ. ನಿಮಗ ಅದು ಇತಿಹಾಸ. ನಮ್ಮ ಹುಡುಗರು ಈಗ ಬೆಂಗಳೂರಾಗ ಕಂಪನಿ ಕೆಲಸಕ್ಕ ಅದಾರ. ಆ ಕೆಲಸದ ಸಂಗಾಟ ಅವರ ಮನಿ ಹೆಸರು ಮತ್ತ ಕೂಡಿಸಬ್ಯಾಡ್ರಿ."

ನನ್ನಲ್ಲಿ ಉತ್ತರ ಇರಲಿಲ್ಲ. ದಾಖಲೆಯಲ್ಲಿ ಇಲ್ಲದವರನ್ನು ದಾಖಲೆಗೆ ತರಬೇಕು ಎಂದು ನಾವು ಸೆಮಿನಾರುಗಳಲ್ಲಿ ಹೇಳುತ್ತೇವೆ. ತರುವುದು ಉಪಕಾರ ಎಂದೇ ನಂಬಿರುತ್ತೇವೆ. ಆದರೆ ಹೆಸರಿನ ಜೊತೆ ಕೆಲಸ, ಕೆಲಸದ ಜೊತೆ ಜಾತಿ, ಜಾತಿಯ ಜೊತೆ ಆ ಬೇರೆ ಲೋಟ, ಎಲ್ಲವೂ ಒಟ್ಟಿಗೇ ಬರುತ್ತವೆ. ಮರೆಯುವ ಹಕ್ಕನ್ನು ಆ ಮನೆಯವರು ಕಷ್ಟಪಟ್ಟು ಗಳಿಸಿಕೊಂಡಿದ್ದರು. ಮರೆಯಬಾರದ ಜವಾಬ್ದಾರಿ ನಮ್ಮ ಮನೆಯದು. ನಾನು ಅದನ್ನು ಅವರ ಹೆಸರಿನ ಮೇಲೆ ಹೇರಲು ಹೊರಟಿದ್ದೆ.

ಸ್ಪಾದ ಹುಡುಗಿಯ ಎದೆಯ ಮೇಲೂ ಒಂದು ಹೆಸರಿನ ಪಟ್ಟಿ ಇತ್ತು. ನಿಮ್ಮ ನಿಜವಾದ ಹೆಸರಾ ಎಂದು ಕೇಳಿದ್ದೆ. ನಕ್ಕು, ಅಲ್ಲ, ಗಿರಾಕಿಗಳಿಗೆ ಕರೆಯಲು ಸುಲಭವಾಗಲಿ ಎಂದು ಇಟ್ಟದ್ದು ಅಂದಳು. ತನ್ನ ಹೆಸರನ್ನು ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ. 3,500ರಲ್ಲಿ ಅವಳಿಗೆ ಎಷ್ಟು ಸಿಗುತ್ತದೆ ಎಂಬುದನ್ನೂ ಕೇಳಲಿಲ್ಲ. ಜೋಳದ ಲೆಕ್ಕವಾದರೂ ಅಜ್ಜಿಗೆ ನೆನಪಿತ್ತು.

ಬೆನ್ನು ನಾಲ್ಕು ದಿನ ಹಗುರವಾಗಿತ್ತು, ಆಮೇಲೆ ಮೊದಲಿನಂತೆ. ಈಗ ಪ್ರಬಂಧದಲ್ಲಿ ಅಂಗಭೋಗದ ಮೇಲೆ ಒಂದು ಅಧ್ಯಾಯ ಬರೆಯುತ್ತಿದ್ದೇನೆ. ದಾನ ಕೊಟ್ಟ ದಂಡನಾಯಕರ ಹೆಸರು, ತೆಲ್ಲಿಗರ ಐವತ್ತೊಕ್ಕಲು, ಎಣ್ಣೆಯ ಅಳತೆ ಎಲ್ಲ ಅದರಲ್ಲಿವೆ. ಕೊನೆಗೆ ಒಂದು ಪುಟ ಸೇರಿಸಿದ್ದೇನೆ. ಅದರಲ್ಲಿ ಹೆಸರಿಲ್ಲ. ಬಚ್ಚಲ ಗೂಡಿನಲ್ಲಿ ಬೋರಲು ಹಾಕಿದ ಒಂದು ಲೋಟ ಇದೆ, ಅದು ಯಾರ ಮನೆಯ ಬಚ್ಚಲು ಎಂಬುದನ್ನು ಸ್ಪಷ್ಟವಾಗಿ ಬರೆದಿದ್ದೇನೆ.