ಸಾಧನಾ ಪ್ರೇರಣೆಯ ಸಂಶೋಧನೆ: ಕಥನ ಸಮೀಕ್ಷೆಯಿಂದ ಮೆಟಾ ವಿಶ್ಲೇಷಣೆಗೆ

ಚಿತ್ರವೊಂದನ್ನು ತೋರಿಸಿ ಕಥೆ ಬರೆಸುವುದು, ಆ ಕಥೆಯಲ್ಲಿ ಬರೆದವರ ಸಾಧನೆಯ ಹಂಬಲವನ್ನು ಹುಡುಕಿ ಅಂಕ ಕೊಡುವುದು: ಈ ವಿಧಾನಕ್ಕೆ ಡೇವಿಡ್ ಮೆಕ್‌ಕ್ಲೆಲೆಂಡ್, ಜಾನ್ ಅಟ್ಕಿನ್ಸನ್ ಮತ್ತು ಸಂಗಡಿಗರು 1953ರ ‘ದಿ ಅಚೀವ್‌ಮೆಂಟ್ ಮೋಟಿವ್’ ಗ್ರಂಥದಲ್ಲಿ ಕ್ರಮಬದ್ಧ ರೂಪ ಕೊಟ್ಟರು. ಮೂಲ ಕಲ್ಪನೆ ಹೆನ್ರಿ ಮರ್ರೆಯವರದು (1938). 1960ರ ದಶಕದಲ್ಲಿ, ಸಾಧನೆಯ ಹಂಬಲವೇ ಉದ್ಯಮಶೀಲತೆಯನ್ನು ಬೆಳೆಸುತ್ತದೆ ಎಂಬ ಮೆಕ್‌ಕ್ಲೆಲೆಂಡ್ ಅವರ ಸಿದ್ಧಾಂತ ಪ್ರಯೋಗಶಾಲೆ ದಾಟಿ ಆಂಧ್ರದ ಕಾಕಿನಾಡದ ಉದ್ಯಮಿಗಳ ತರಬೇತಿಯವರೆಗೂ ಬಂತು. ಅಧ್ಯಯನಗಳು ರಾಶಿಬಿದ್ದವು, ಫಲಿತಾಂಶಗಳು ಮಾತ್ರ ಒಂದಕ್ಕೊಂದು ತಾಳೆಯಾಗಲಿಲ್ಲ.

ಆ ರಾಶಿಯನ್ನು ಓದಿ ಕಟುವಾದ ತೀರ್ಪು ಕೊಟ್ಟವರಲ್ಲಿ ಡೋರಿಸ್ ಎಂಟ್‌ವಿಸಲ್ ಪ್ರಮುಖರು. ಅವರ ಸಮೀಕ್ಷೆ 1972ರಲ್ಲಿ ‘ಸೈಕಲಾಜಿಕಲ್ ಬುಲೆಟಿನ್’ನಲ್ಲಿ ಪ್ರಕಟವಾಯಿತು. ಕಥೆ ಆಧರಿಸಿದ ಅಂಕಗಳ ವಿಶ್ವಸನೀಯತೆ 0.30–0.40ನ್ನು ದಾಟುವುದೇ ಅಪರೂಪ, ಇಂಥ ಅಳತೆಗೋಲಿನಿಂದ ಶಾಲೆಯ ಅಂಕಗಳನ್ನು ಊಹಿಸಲು ಹೊರಡುವುದು ವ್ಯರ್ಥ ಎಂಬುದು ಅವರ ವಾದ. ಪ್ರೇರಣೆ ಒಂದು ಕಥೆಯಿಂದ ಇನ್ನೊಂದಕ್ಕೆ ಏರಿಳಿಯುವುದೇ ಸಹಜ, ಆದ್ದರಿಂದ ಕಥೆಗಳ ಅಂಕಗಳು ಒಂದಕ್ಕೊಂದು ಹೊಂದಬೇಕೆಂಬ ಆಂತರಿಕ ಸಾಮ್ಯದ ಮಾನದಂಡವೇ ಇಲ್ಲಿ ಸಲ್ಲದು ಎಂದು ಅಟ್ಕಿನ್ಸನ್ ಬಳಗ ಉತ್ತರಿಸಿತು. ಎರಡೂ ಕಡೆಯ ವಾದ ಬಲವಾಗಿತ್ತು. ಆದರೆ ಯಾವುದು ಸರಿ ಎಂದು ತೂಗಿ ನೋಡುವ ಸಾಧನ, ಅಧ್ಯಯನಗಳನ್ನು ಓದಿ ಮಾತಿನಲ್ಲಿ ಸಾರ ಹೇಳುವ ಕಥನ ಸಮೀಕ್ಷೆಯಲ್ಲಿ ಇರಲಿಲ್ಲ.

ಹಲವು ಅಧ್ಯಯನಗಳ ಫಲಿತಾಂಶಗಳನ್ನು ಸಂಖ್ಯಾಶಾಸ್ತ್ರದ ವಿಧಾನದಿಂದ ಒಟ್ಟುಗೂಡಿಸುವ ಕೆಲಸಕ್ಕೆ ಜೀನ್ ಗ್ಲಾಸ್ 1976ರಲ್ಲಿ ‘ಮೆಟಾ ವಿಶ್ಲೇಷಣೆ’ ಎಂಬ ಹೆಸರನ್ನು ಚಾಲ್ತಿಗೆ ತಂದರು. (ಕೆಲಸ ಹೆಸರಿಗಿಂತ ಹಳೆಯದು: ಭಾರತ ಮತ್ತು ದಕ್ಷಿಣ ಆಫ್ರಿಕಾದ ಬ್ರಿಟಿಷ್ ಸೈನಿಕರ ಟೈಫಾಯಿಡ್ ಲಸಿಕೆಯ ಅಂಕಿಅಂಶಗಳನ್ನು ಕಾರ್ಲ್ ಪಿಯರ್ಸನ್ 1904ರಲ್ಲೇ ಒಟ್ಟುಗೂಡಿಸಿದ್ದರು.) ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಹ್ಯಾರಿಸ್ ಕೂಪರ್ ಮತ್ತು ರಾಬರ್ಟ್ ರೋಸೆಂಥಾಲ್ 1980ರಲ್ಲಿ ಪ್ರಕಟಿಸಿದ ಪ್ರಯೋಗ. ಹಿಡಿದ ಕೆಲಸ ಬಿಡದ ಛಲದಲ್ಲಿ ಗಂಡು-ಹೆಣ್ಣಿನ ನಡುವೆ ವ್ಯತ್ಯಾಸವಿದೆಯೇ ಎಂಬ ಬಗ್ಗೆ ಏಳು ಅಧ್ಯಯನಗಳನ್ನು ಅವರು 41 ಅಧ್ಯಾಪಕರು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳ ಕೈಗಿತ್ತರು. ಕೆಲವರು ಎಂದಿನಂತೆ ಓದಿ ಸಾರ ಹೇಳಬೇಕು; ಉಳಿದವರು ಸಂಖ್ಯಾಶಾಸ್ತ್ರದ ವಿಧಾನದಿಂದ ಕೂಡಿಸಬೇಕು. ಹೆಣ್ಣುಮಕ್ಕಳ ಛಲ ಹೆಚ್ಚು ಎಂಬುದಕ್ಕೆ ಆಧಾರವಿಲ್ಲ ಎಂದವರು ಮೊದಲ ಗುಂಪಿನಲ್ಲಿ ಶೇ. 73, ಎರಡನೆಯದರಲ್ಲಿ ಶೇ. 32. ಓದಿದವರು ಅಜಾಗರೂಕರಾಗಿದ್ದರು ಎಂದೇನೂ ಇದರ ಅರ್ಥವಲ್ಲ. ಬಿಡಿಬಿಡಿಯಾಗಿ ದುರ್ಬಲವಾದ ಪುರಾವೆಗಳು ಸೇರಿದಾಗ ಎಷ್ಟು ತೂಗುತ್ತವೆ ಎಂಬುದು ಬರಿಯ ಓದಿಗೆ ದಕ್ಕುವುದಿಲ್ಲ.

ಎಂಟ್‌ವಿಸಲ್ ತೀರ್ಪು ಮರುಪರಿಶೀಲನೆಗೆ ಬಂದದ್ದು ಎರಡು ದಶಕಗಳ ಬಳಿಕ. ವಿಲಿಯಂ ಸ್ಪ್ಯಾಂಗ್ಲರ್ 1992ರಲ್ಲಿ 105 ಲೇಖನಗಳನ್ನು ಯಾದೃಚ್ಛಿಕವಾಗಿ ಆಯ್ದು ಎರಡು ಮೆಟಾ ವಿಶ್ಲೇಷಣೆ ನಡೆಸಿದರು. ಕಥೆಯ ಅಂಕಗಳಿಗೂ ಸಾಧನೆಗೂ ಇರುವ ಸಹಸಂಬಂಧ ಸರಾಸರಿಯಲ್ಲಿ, ಪ್ರೇರಣೆಯನ್ನು ನೇರವಾಗಿ ಕೇಳಿ ಅಳೆಯುವ ಪ್ರಶ್ನಾವಳಿಯದಕ್ಕಿಂತ ಹೆಚ್ಚೇ ಇತ್ತು. ನನ್ನ ದೃಷ್ಟಿಯಲ್ಲಿ ಸ್ಪ್ಯಾಂಗ್ಲರ್ ಅವರ ದೊಡ್ಡ ಕೊಡುಗೆ ಆ ಸರಾಸರಿಯಲ್ಲ. ಕೆಲಸದಲ್ಲೇ ಸವಾಲು ಇರುವ ಸಂದರ್ಭ, ಹೊರಗಿನವರ ನಿರೀಕ್ಷೆ ದುಡಿಸುವ ಸಂದರ್ಭ ಎಂದು ಅವರು ಅಧ್ಯಯನಗಳನ್ನು ವಿಂಗಡಿಸಿದರು. ವೃತ್ತಿಯ ಯಶಸ್ಸಿನಂಥ ಫಲಗಳ ವಿಷಯದಲ್ಲಿ, ಮೊದಲ ಬಗೆಯ ಸಂದರ್ಭದಲ್ಲಿ, ಕಥೆಯ ಅಳತೆ ಎದ್ದು ಕಂಡಿತು. ಎರಡನೆಯದರಲ್ಲಿ ಪ್ರಶ್ನಾವಳಿಯ ಸಂಬಂಧ ಬಲಗೊಂಡಿತು. ಈ ವಿಂಗಡಣೆ ಹುಟ್ಟಿದ್ದು ಸಿದ್ಧಾಂತದ ಓದಿನಿಂದ, ಸೂತ್ರದಿಂದಲ್ಲ.

ಇದಕ್ಕಿಂತ ತೀಕ್ಷ್ಣ ನಿದರ್ಶನ ಕ್ರಿಸ್ ಹಲ್ಲೆಮನ್ ಮತ್ತು ಸಂಗಡಿಗರ 2010ರ ಕೃತಿ: 243 ಅಧ್ಯಯನಗಳು, 91,087 ಮಂದಿ. ಇತರರೆದುರು ಸಾಮರ್ಥ್ಯ ತೋರಿಸುವ ಗುರಿಯನ್ನು ಅಳೆಯುವ, ಒಂದೇ ಹೆಸರಿನ ‘ಪ್ರದರ್ಶನ ಗುರಿ’ ಮಾಪನಗಳನ್ನು ಅವರು ಪ್ರಶ್ನೆ ಪ್ರಶ್ನೆಯಾಗಿ ಓದಿ ಬೇರ್ಪಡಿಸಿದರು. ಇತರರಿಗಿಂತ ಮುಂದಿರಬೇಕು ಎಂಬ ಪ್ರಶ್ನೆಗಳೇ ಹೆಚ್ಚಿದ್ದ ಮಾಪನಗಳಿಗೂ ಸಾಧನೆಗೂ ಸಹಸಂಬಂಧ +0.14, ಇತರರ ಕಣ್ಣಿಗೆ ಜಾಣನಾಗಿ ಕಾಣಬೇಕು ಎಂಬಂಥವು ಹೆಚ್ಚಿದ್ದರೆ –0.14. ಓದದೆ ಕೂಡಿಸಿದ್ದರೆ ಈ ಎರಡು ಗುಂಪುಗಳು ಒಂದನ್ನೊಂದು ಅಳಿಸಿಹಾಕುತ್ತಿದ್ದವು.

ನಮ್ಮ ಶಿಕ್ಷಣಶಾಸ್ತ್ರದ ಪ್ರಬಂಧಗಳ ಎರಡನೆಯ ಅಧ್ಯಾಯ, ಅಂದರೆ ‘ಸಂಬಂಧಿತ ಸಾಹಿತ್ಯದ ಸಮೀಕ್ಷೆ’, ಬಹುಪಾಲು ಲೇಖಕರ ಹೆಸರು, ಇಸವಿ, ಫಲಿತಾಂಶಗಳ ಸರಣಿ. ಅದು ಕಥನವೂ ಅಲ್ಲ, ಲೆಕ್ಕವೂ ಅಲ್ಲ. ಈ ಪ್ರಬಂಧಗಳನ್ನು ಒಟ್ಟುಗೂಡಿಸಿ ಮೆಟಾ ವಿಶ್ಲೇಷಣೆ ಮಾಡಹೊರಡುವವರು ಮೊದಲು ಗಮನಿಸಬೇಕಾದ ಅಂಶವೊಂದಿದೆ. ಭಾರತದಲ್ಲಿ ವ್ಯಾಪಕವಾಗಿ ಬಳಕೆಯಾಗುವ ಸಾಧನಾ ಪ್ರೇರಣೆಯ ದೇವ್–ಮೋಹನ್ ಮಾಪನ ಒಂದು ಪ್ರಶ್ನಾವಳಿ. ಅದನ್ನು ಹೋಲಿಸಿ ನೋಡುವುದು ಹೆಚ್ಚಾಗಿ ಪರೀಕ್ಷೆಯ ಅಂಕಗಳೊಂದಿಗೆ. ಸ್ಪ್ಯಾಂಗ್ಲರ್ ವಿಂಗಡಣೆಯನ್ನು ಒಪ್ಪಿದರೆ ಇವು ಹೊರಗಿನ ನಿರೀಕ್ಷೆಯ ಸಾಲಿಗೆ ಸೇರುತ್ತವೆ. ಅವುಗಳ ಸರಾಸರಿ ಎಷ್ಟೇ ಬರಲಿ, ಮೆಕ್‌ಕ್ಲೆಲೆಂಡ್ ಅವರ ಉದ್ಯಮಿಗಳ ಕುರಿತ ವಾದವನ್ನು ಅದರಿಂದ ಎತ್ತಿಹಿಡಿಯಲೂ ಆಗದು, ತಳ್ಳಿಹಾಕಲೂ ಆಗದು.